ಒಡೆದ ಬಟ್ಟಲಿನ ನೆಂಟಸ್ತನ

ಆ ದಿನ ಬೆಳಿಗ್ಗೆ ತಿಮೋ ಅಜ್ಜಿ ತನ್ನ ಹೆಣಕ್ಕೆ ಹೊದಿಸುವ ಬಟ್ಟೆಯ ಕೊನೆಯ ಗಂಟು ಹಾಕಿ, ನೂಲನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಬಾಯಲ್ಲಿ ಉಳಿದಿದ್ದವು ನಾಲ್ಕು ಹಲ್ಲು, ಅವುಗಳಲ್ಲಿ ಒಂದಕ್ಕೊಂದು ಮುಖ ನೋಡುವವು ಎರಡೇ ಎರಡು. ಹಾಗಾಗಿ ಸ್ವಲ್ಪ ಹೊತ್ತು ಹಿಡಿಯಿತು.

ಪೆತ್ರೂಸ ದ್ವೀಪದಲ್ಲಿ ವಯಸ್ಸಾದ ಹೆಂಗಸರೆಲ್ಲ ತಮ್ಮ ಹೊದಿಕೆಯನ್ನು ತಾವೇ ನೇಯ್ದಿಟ್ಟುಕೊಳ್ಳುತ್ತಾರೆ. ಸೊಸೆಯರನ್ನು ನಂಬಿ ಕೂತರೆ ಹರಕು ಹಾಯಿಬಟ್ಟೆಯಲ್ಲಿ ಸುತ್ತಿ ಕಳಿಸುತ್ತಾರೆ ಅನ್ನುವ ಭಯ. ತಿಮೋಗೆ ಸೊಸೆಯೂ ಇರಲಿಲ್ಲ, ಭಯವೂ ಇರಲಿಲ್ಲ. ಆದರೂ ಎರಡು ವರ್ಷ ಕೂತು ನೇಯ್ದಿದ್ದಳು. ಬಿಳಿ ಉಣ್ಣೆ, ಅಂಚಿನುದ್ದಕ್ಕೂ ಕೆಂಪು ಆಕ್ಟೋಪಸ್ಸುಗಳು, ಒಂದರ ಕೈ ಒಂದು ಹಿಡಿದುಕೊಂಡು ಕುಣಿಯುವ ಹಾಗೆ. ಇಂಥ ಅಂಚು ಇಡೀ ದ್ವೀಪದಲ್ಲಿ ಯಾವ ಹೆಣಕ್ಕೂ ಸಿಕ್ಕಿರಲಿಲ್ಲ.

"ಏ ಹುಡುಗಿ!" ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು. "ಬಾರೇ ಇಲ್ಲಿ. ನನ್ನ ಹೊದಿಕೆ ಮುಗೀತು. ಬಂದು ಒಂಚೂರು ಹೊಟ್ಟೆಕಿಚ್ಚು ಪಡು."

ಅಂಗಳದ ಬಂಡೆಯ ಮೇಲೆ ಎರಾಸಿಯಾ ಆಕ್ಟೋಪಸ್ ಬಡಿಯುತ್ತಿದ್ದಳು. ನಲವತ್ತು ಏಟು ಬಡಿಯದಿದ್ದರೆ ಅದರ ಮಾಂಸ ಮೆತ್ತಗಾಗುವುದಿಲ್ಲ, ತಿಂದವರ ದವಡೆ ಕೈಗೆ ಬರುತ್ತದೆ. ಆದರೆ ಈ ಹುಡುಗಿ ಪ್ರತಿ ಏಟಿಗೂ ಮುಂಚೆ ಅದಕ್ಕೆ ಕೈಮುಗಿದು "ತಪ್ಪಾಯ್ತು" ಅನ್ನುತ್ತಿದ್ದಳು. ಹೀಗೆ ಬಡಿದರೆ ಊಟ ಸಂಜೆಗೇ.

"ಅದು ಸತ್ತು ಒಂದು ದಿನ ಆಯ್ತು ಕಣೇ. ಯಾರ ಹತ್ರ ಕ್ಷಮೆ ಕೇಳ್ತಿದೀಯ?"

"ಸಂಬಂಧಿಕರು ಅಜ್ಜಿ. ಅಮ್ಮನ ಕಡೆಯವರು."

ಎರಾಸಿಯಾ ಒಳಗೆ ಬಂದು ಹೊದಿಕೆಯನ್ನು ನೋಡಿದಳು. ಮೂಗು ಮುರಿದಳು. "ಒಂಚೂರೂ ಚೆನ್ನಾಗಿಲ್ಲ," ಅಂದು ಮತ್ತೆ ಅಂಗಳಕ್ಕೆ ಹೋದಳು.

ತಿಮೋಗೆ ಬೇಜಾರಾಗಲಿಲ್ಲ. ಈ ಬಟ್ಟೆಯನ್ನು ಕಂಡರೆ ಹುಡುಗಿಗೆ ಆಗದು, ಅದು ಅವಳಿಗೆ ಗೊತ್ತು. ಹುಡುಗಿ ಅಂತ ಕರೆಯುವುದೇ ತಮಾಷೆ. ಪೆತ್ರೂಸ ಸಮುದ್ರದಿಂದ ತಲೆ ಎತ್ತುವ ಮುಂಚೆಯೇ ಹುಟ್ಟಿದವಳು ಎರಾಸಿಯಾ. ಲೋಕವನ್ನೆಲ್ಲ ಸುತ್ತಿಕೊಂಡು ಹರಿಯುವ ಓಕಿಯಾನೋಸನ ಮೂರು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳು. ಸಾವಿಲ್ಲ, ಮುಪ್ಪಿಲ್ಲ, ಒಂಬತ್ತು ವರ್ಷದಿಂದ ಮುಖದಲ್ಲಿ ಒಂದು ಗೆರೆಯೂ ಹೆಚ್ಚಾಗಿಲ್ಲ. ದೇವತೆ ಮನೆಗೆ ಬಂದರೆ ಜೊತೆಗೆ ಭಾಗ್ಯ ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ತಿಮೋ ಮನೆಗೆ ಬಂದದ್ದು ಇನ್ನೊಂದು ಹೊಟ್ಟೆ ಅಷ್ಟೇ. ಬಲೆ ಬಿಡಿಸಲು ಕಳಿಸಿದರೆ ಅತ್ತುಕೊಂಡು ಅರ್ಧ ಮೀನನ್ನು ವಾಪಸ್ ನೀರಿಗೆ ಬಿಡುತ್ತಾಳೆ. ಬೇಳೆ ಒಲೆಯ ಮೇಲಿಟ್ಟರೆ ಸೀಯಿಸುತ್ತಾಳೆ.

ಅವಳು ಬಂದ ದಿನವನ್ನು ತಿಮೋ ಮರೆಯುವ ಹಾಗೇ ಇಲ್ಲ. ಬಾಗಿಲು ತೆರೆದರೆ ಒಲೆಯ ಬೂದಿಯಲ್ಲಿ ಒಬ್ಬಳು ಕೂತಿದ್ದಾಳೆ, ಮೈಯೆಲ್ಲ ಉಪ್ಪುನೀರು, ಕೂದಲಲ್ಲಿ ಪಾಚಿ. ಒಲೆಯ ಬೂದಿಯಲ್ಲಿ ಬಂದು ಕೂತವರನ್ನು ಎಬ್ಬಿಸಿ ಉಣ್ಣಿಸಬೇಕು. ಹೊಟ್ಟೆ ತುಂಬುವ ತನಕ ನಿನ್ನ ಹೆಸರೇನು, ಯಾರ ಮಗಳು ಅಂತ ಬಾಯಿ ಬಿಡುವಂತಿಲ್ಲ. ಇದು ಅತಿಥಿ ಧರ್ಮ, ಮಾಡಿದವನು ಸಾಕ್ಷಾತ್ ದೇವರುಗಳ ದೊರೆ ಜೀಯಸ್. ತಿಮೋ ಚನ್ನಂಗಿ ಬೇಳೆಯ ಗಂಜಿಯನ್ನು ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಬಟ್ಟಲಿಗೆ ಹಾಕಿ ಕೊಟ್ಟಳು. ಬಂದವಳ ಕೈ ನಡುಗಿ ಬಟ್ಟಲು ಕೆಳಗೆ ಬಿದ್ದು ಚೂರುಚೂರಾಯಿತು. ಅತ್ತೆಯ ಕಾಲದ ಬಟ್ಟಲು. ಅತ್ತೆಯೇನೂ ಮನಸ್ಸಾರೆ ಕೊಟ್ಟದ್ದಲ್ಲ, ಸತ್ತಾಗ ಉಳಿದದ್ದು. ತಿಮೋ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ಅಳುವುದಕ್ಕೆ ಶುರು ಮಾಡಿದಳು ನೋಡಿ, ಅಬ್ಬಬ್ಬ, ಊರ ನಾಯಿಗಳೆಲ್ಲ ಜೊತೆ ಸೇರಿದವು.

"ಅಳ್ಬೇಡ್ವೇ ಮಾರಾಯ್ತಿ. ಒಡೆದದ್ದೂ ಒಳ್ಳೇದೇ ಆಯ್ತು. ಇಲ್ನೋಡು," ಎಂದು ತಿಮೋ ಎರಡು ಬೋಕಿ ಚೂರು ಹೆಕ್ಕಿದಳು. ಒಂದರ ಬಾಯಿಗೆ ಇನ್ನೊಂದು ಸರಿಯಾಗಿ ಕೂತಿತು. "ಒಂದು ನಿಂಗೆ, ಒಂದು ನಂಗೆ. ಇನ್ಮೇಲೆ ನಾವು ನೆಂಟ್ರು. ನಾಳೆ ನಾನು ಈ ಚೂರು ಹಿಡ್ಕೊಂಡು ನಿನ್ನ ಮನೆ ಬಾಗಿಲಿಗೆ ಬಂದ್ರೆ ನೀನು ಊಟ ಹಾಕ್ಬೇಕು. ಗೊತ್ತಾಯ್ತಾ?"

ಬಟ್ಟಲಾಗಲಿ, ಬಿಲ್ಲೆಯಾಗಲಿ ಒಡೆದು ಇಬ್ಬರೂ ಒಂದೊಂದು ಚೂರು ಇಟ್ಟುಕೊಂಡರೆ ಅದು ಸಾಯುವ ತನಕದ ನೆಂಟಸ್ತನ. ಚೂರಿಗೆ ಚೂರು ಕೂಡಿತೋ, ಬಾಗಿಲು ತೆಗೆಯಲೇಬೇಕು. ಹಡಗಿನ ವ್ಯಾಪಾರಿಗಳ ಜೊತೆ ಊರ ಗಂಡಸರು ಮಾಡಿಕೊಳ್ಳುವ ಒಪ್ಪಂದ ಅದು. ತಿಮೋ ಮಾಡಿದ್ದು ಅಳು ನಿಲ್ಲಿಸುವುದಕ್ಕೆ. ನಿಂತಿತು. ಮೂರು ಬಟ್ಟಲು ಗಂಜಿಯೂ ಇಳಿಯಿತು. ಆಮೇಲೆ ಕೇಳಿದಳು, "ಈಗ ಹೇಳಮ್ಮ, ಯಾರ ಮಗಳು?"

"ಓಕಿಯಾನೋಸನ ಮಗಳು."

"ಯಾವೂರ ಓಕಿಯಾನೋಸ?"

"ಸಮುದ್ರದವನು."

"ಸಮುದ್ರದ ಮೇಲೆ ಓಡಾಡೋರು ನೂರು ಜನ ಇದಾರೆ. ದೋಣಿ ಯಾವುದು ಅವನ್ದು?"

ದೋಣಿಯವನಲ್ಲ, ಸಮುದ್ರವೇ ಅವನು ಅಂತ ತಿಮೋ ತಲೆಗೆ ಹೋಗಲು ಅರ್ಧ ದಿನ ಬೇಕಾಯಿತು. ಹೋದ ಮೇಲೆ ಅವಳು ಹೇಳಿದ್ದು ಒಂದೇ ಮಾತು, "ಇರ್ಲಿ ಬಿಡು. ದೇವತೆಯಾದ್ರೇನು, ಎದ್ದು ಪಾತ್ರೆ ತೊಳಿ."

ಹುಡುಗಿಯನ್ನು ದೇವರುಗಳ ಒಲಿಂಪಸ್ ಬೆಟ್ಟದ ಮೇಲಿನಿಂದ ಓಡಿಸಿದ ಕತೆ ಒಂದೊಂದೇ ತುಣುಕಾಗಿ ಹೊರಬಂತು. ಜೀಯಸ್ ಯಾವಳದೋ ಮನೆಯಲ್ಲಿ ರಾತ್ರಿ ಕಳೆದಿದ್ದ. ಅವನಿಗೆ ಇದೇನು ಹೊಸದಲ್ಲ. ಹೆಂಡತಿ ಹೇರಾ ಹಿಡಿದು ಕೇಳಿದಾಗ ಆ ಮಹಾರಾಯ ದಾರಿಯಲ್ಲಿ ಹೋಗುತ್ತಿದ್ದ ಎರಾಸಿಯಾಳನ್ನು ತೋರಿಸಿ, ಇವಳ ಅಪ್ಪನ ಮನೆಯಲ್ಲಿದ್ದೆ ಬೇಕಾದರೆ ಕೇಳು ಅಂದ. ಇವಳಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಇವಳು ಹೌದು ಅಂದಳು. ಹೇರಾ ಬಿಡುತ್ತಾಳೆಯೇ, ಸ್ಟಿಕ್ಸ್ ನದಿಯ ನೀರು ತರಿಸಿದಳು. ಪಾತಾಳದ ಆ ನೀರನ್ನು ಸುರಿದು ದೇವರುಗಳು ಪ್ರಮಾಣ ಮಾಡುತ್ತಾರೆ. ಸುಳ್ಳು ಹೇಳಿದರೆ ಅಲ್ಲೇ ಬಿದ್ದು ಒಂದು ವರ್ಷ ಉಸಿರಿಲ್ಲದೆ ಹೆಣದ ಹಾಗೆ ಮಲಗಿರಬೇಕು. ಎದ್ದ ಮೇಲೆ ಒಂಬತ್ತು ವರ್ಷ ಅಮೃತವಿಲ್ಲ, ದೇವರುಗಳ ಪಂಕ್ತಿಯಿಲ್ಲ, ಆ ಕಡೆ ತಲೆ ಹಾಕುವಂತಿಲ್ಲ. ಇವಳು ಪ್ರಮಾಣ ಮಾಡಿದಳು, ಬಿದ್ದಳು. ಶಿಕ್ಷೆಯನ್ನು ಓದಿ ಹೇಳಿದವನು ಯಾರು? ಸುಳ್ಳು ಹೇಳಿಸಿದ ಜೀಯಸ್ಸೇ. ದೊಡ್ಡವರ ಮನೆಯ ನ್ಯಾಯ ಇದು, ಬಾಯಿ ಬಿಟ್ಟರೆ ಸಿಡಿಲು ಹೊಡೆಯುತ್ತಾನೆ.

ಇದೆಲ್ಲ ಕೇಳಿ ತಿಮೋಗೆ ನಗು ಬಂದಿತ್ತು. ನಗು ಬಾರದಿದ್ದದ್ದು ಒಂದೇ ವಿಷಯಕ್ಕೆ.

"ಮೆಟ್ಟಿಲ ಮೇಲೆ ಬಿದ್ದೆ ಅಜ್ಜಿ. ಒಂದು ವರ್ಷ ಅಲ್ಲೇ ಬಿದ್ದಿದ್ದೆ. ಎದ್ದಾಗ ಬಾಯಿ ತೆರೆದೇ ಇತ್ತು, ಒಳಗೆ ಜೇಡ ಬಲೆ ಕಟ್ಟಿತ್ತು. ಎಲ್ರೂ ದಾಟ್ಕೊಂಡು ಓಡಾಡಿದಾರೆ. ಮೂರು ಸಾವಿರ ಅಕ್ಕತಂಗೀರು, ಒಬ್ಳೂ ಬಂದು ನೋಡ್ಲಿಲ್ಲ."

"ಥೂ ಅವರ ಜನ್ಮಕ್ಕೆ," ಅಂದಿದ್ದಳು ತಿಮೋ. "ನಾನಾಗಿದ್ರೆ ಬಾಯಾದ್ರೂ ಮುಚ್ತಿದ್ದೆ."

ಅದಾಗಿ ಒಂಬತ್ತು ವರ್ಷ. ತಿಮೋ ಗಂಡ ನಿಕಾನ್ ಸಮುದ್ರದಲ್ಲಿ ಹೋದವನು, ಏಳು ವರ್ಷದ ಮಗಳು ಜ್ವರದಲ್ಲಿ ಹೋದವಳು. ಇಬ್ಬರೂ ಕೆಳಗಿನ ಲೋಕದಲ್ಲಿ ತನಗಾಗಿ ಕಾಯುತ್ತಿದ್ದಾರೆ ಅನ್ನುವುದು ತಿಮೋ ನಂಬಿಕೆ. ಈಗೀಗ ಎದೆಯಲ್ಲಿ ಕಫ ಗೊರಗೊರ ಅನ್ನುತ್ತಿತ್ತು. ಅರ್ಧ ಬಟ್ಟಲು ಗಂಜಿ ಕುಡಿದು ಸಾಕು ಅಂತ ಪಕ್ಕಕ್ಕಿಡುತ್ತಿದ್ದಳು. ಹುಡುಗಿಯ ಒಂಬತ್ತು ವರ್ಷ ಈ ಶರತ್ಕಾಲಕ್ಕೆ ಮುಗಿಯುತ್ತದೆ, ಅವಳು ಮನೆಗೆ ಹೋಗುತ್ತಾಳೆ, ತನ್ನ ಹೊದಿಕೆಯೂ ಮುಗಿಯುತ್ತದೆ, ತಾನು ಹೋಗಬಹುದು. ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದರೂ ಅದು ತಿಮೋಗೆ ಹಿಡಿಸಿರಲಿಲ್ಲ.

ಹೊದಿಕೆ ಮಡಿಸಿಡುತ್ತಿರುವಾಗಲೇ ಹೊರಗೆ ಬೆಳಕು ಬಣ್ಣಬಣ್ಣವಾಯಿತು. ಒಂದು ಹನಿ ಮಳೆಯಿಲ್ಲ, ಆಕಾಶದ ತುಂಬ ಕಾಮನಬಿಲ್ಲು. ಅದರ ಒಂದು ತುದಿ ನೆಟ್ಟಗೆ ಬಂದು ತಿಮೋ ಒಣಹಾಕಿದ್ದ ಮೀನಿನ ಮೇಲೆ ಊರಿತ್ತು. ಅದರ ಮೇಲಿಂದ ಒಬ್ಬಳು ಇಳಿದಳು, ಕೈಯಲ್ಲಿ ಚಿನ್ನದ ಹೂಜಿ, ಬೆನ್ನಿಗೆ ರೆಕ್ಕೆ.

"ಮೀನಿನ ಮೇಲಿಂದ ಆಚೆ ಬಾಮ್ಮ," ಅಂದಳು ತಿಮೋ. ಯಾರೆಂದು ಹೇಳಬೇಕಾಗಿರಲಿಲ್ಲ. ಸ್ಟಿಕ್ಸ್ ನೀರು ಹೊತ್ತು ತರುವವಳು ಐರಿಸ್ ಅಂತ ಹುಡುಗಿ ನೂರು ಸಲ ಹೇಳಿದ್ದಳು. ಹೋಗುವ ದಿನ ಇವತ್ತೇ ಬಂದುಬಿಟ್ಟಿತು.

ಐರಿಸ್ ಗಂಟಲು ಸರಿಮಾಡಿಕೊಂಡಳು. "ಓಕಿಯಾನೋಸನ ಪುತ್ರಿ ಎರಾಸಿಯಾ ಎಂಬವಳಿಗೆ ಮೇಲಿನವರ ಆಜ್ಞೆಯ ಪ್ರಕಾರ..."

"ಶ್!" ತಿಮೋ ಕೈ ಎತ್ತಿದಳು. "ಬಾಯಿ ಮುಚ್ಚು ತಾಯಿ. ಬಂದೋರು ಊಟ ಮಾಡದೆ ಬಂದ ವಿಷಯ ಎತ್ತೋ ಹಾಗಿಲ್ಲ."

"ನಾನು ಮರ್ತ್ಯರ ಊಟ ಮಾಡುವುದಿಲ್ಲ."

"ಹಾಗಾದ್ರೆ ವಿಷಯಾನೂ ಹೇಳಂಗಿಲ್ಲ. ನಿಮ್ಮ ಯಜಮಾನಂದೇ ಕಾನೂನು, ಹೋಗಿ ಕೇಳ್ಕೊಂಡು ಬಾ. ಕೂತ್ಕೋ. ಆಕ್ಟೋಪಸ್ ಬೇಯಿಸ್ತೀನಿ. ಹುಡುಗಿ, ಎಷ್ಟು ಏಟು ಆಯ್ತು?"

"ಹನ್ನೊಂದು," ಅಂದಳು ಎರಾಸಿಯಾ. ಧ್ವನಿ ಸಣ್ಣಗಾಗಿತ್ತು.

ತಿಮೋ ತಾನೇ ಬಂಡೆಯ ಹತ್ತಿರ ಹೋಗಿ ಆಕ್ಟೋಪಸ್ ಹಿಡಿದಳು. ಹನ್ನೆರಡು. ಒಂದಿಷ್ಟು ಕೆಮ್ಮಿದಳು. ಹದಿಮೂರು. ಸೊಂಟ ನೆಟ್ಟಗೆ ಮಾಡಿಕೊಂಡಳು. ಜೀವಮಾನದಲ್ಲಿ ಇಷ್ಟು ನಿಧಾನವಾಗಿ ಅವಳು ಯಾವ ಆಕ್ಟೋಪಸ್ಸನ್ನೂ ಬಡಿದಿರಲಿಲ್ಲ. ಇಪ್ಪತ್ತನೆಯ ಏಟಿಗೆ ತಲೆ ಎತ್ತಿ ನೋಡಿದರೆ, ಎರಾಸಿಯಾ ಐರಿಸ್ ಪಕ್ಕದಲ್ಲಿ ಕೂತು ಅವಳ ಸೆರಗನ್ನು ಮೂಸುತ್ತಿದ್ದಳು. ಆ ಬಟ್ಟೆಗೆ ಮೇಲಿನ ಮನೆಯ ಅಮೃತದ ವಾಸನೆ ಹತ್ತಿತ್ತು. ಕಣ್ಣು ಮುಚ್ಚಿ ಮೂಸುತ್ತಿದ್ದವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒಂಬತ್ತು ವರ್ಷ ಗಂಜಿ ಕುಡಿದರೂ ಈ ಹುಡುಗಿಯ ಹಸಿವು ಒಂದು ದಿನವೂ ಪೂರ್ತಿ ಹೋಗಿರಲಿಲ್ಲ ಅನ್ನುವುದು ತಿಮೋಗೆ ಗೊತ್ತಿದ್ದ ವಿಷಯವೇ. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಮಗು ಮನೆಗೆ ಹೋಗಲು ಕಾಯುತ್ತಿದೆ, ಮುದಿ ಗೂಬೆ ನಾನು ಆಕ್ಟೋಪಸ್ ಹಿಡಿದುಕೊಂಡು ನಾಟಕ ಆಡುತ್ತಿದ್ದೀನಿ.

ಉಳಿದ ಇಪ್ಪತ್ತನ್ನು ಪಟಪಟನೆ ಬಡಿದು ಮಡಕೆಗೆ ಹಾಕಿದಳು. ಅದು ಬೇಯುವ ತನಕ ಐರಿಸ್ ಮುಂದೆ ಜವೆಗೋಧಿ ರೊಟ್ಟಿ, ಅಂಜೂರ, ಮೇಕೆ ಹಾಲಿನ ಚೀಸು ಇಟ್ಟಳು.

"ಒಂದು ಚೂರು ಬಾಯಿಗೆ ಹಾಕ್ಕೋ. ಅಷ್ಟು ಸಾಕು, ಕಾನೂನು ಮುಗೀತು."

ಐರಿಸ್ ಔಷಧಿ ಕುಡಿಯುವವಳ ಹಾಗೆ ಮುಖ ಮಾಡಿ ಒಂದು ಚೂರು ಚೀಸು ಬಾಯಿಗೆ ಹಾಕಿಕೊಂಡಳು. ಅಗಿದಳು. ಆಮೇಲೆ ಇನ್ನೊಂದು ಚೂರಿಗೆ ಕೈ ಹೋಯಿತು. ಪಾಪ, ಅವರಿಗಾದರೂ ಏನು ಗೊತ್ತು? ಬಲಿ ಕೊಟ್ಟಾಗ ಮೂಳೆಗೆ ಕೊಬ್ಬು ಸುತ್ತಿ ಸುಟ್ಟು ಹೊಗೆಯನ್ನು ಮೇಲಕ್ಕೆ ಕಳಿಸುತ್ತೇವೆ, ಮಾಂಸವನ್ನು ನಾವು ತಿನ್ನುತ್ತೇವೆ. ಯುಗಯುಗದಿಂದ ಹೊಗೆ ಕುಡಿದುಕೊಂಡು ದೇವರೆಂದು ಬೀಗುತ್ತಿದ್ದಾರೆ.

"ಈಗ ಹೇಳು," ಅಂದಳು ತಿಮೋ.

"ಎರಾಸಿಯಾಳ ಅವಧಿ ಮುಗಿದಿದೆ. ಈ ನೀರು ಸುರಿದು ಪ್ರಮಾಣ ಮಾಡಬೇಕು. ತನಗೆ ಮರ್ತ್ಯರಲ್ಲಿ ಯಾರೂ ಇಲ್ಲ, ತಾನು ಯಾರಿಗೂ ಏನೂ ಅಲ್ಲ ಅಂತ. ಮಾಡಿದರೆ ಈಗಲೇ ಕರೆದುಕೊಂಡು ಹೋಗುತ್ತೇನೆ." ಬಾಯಲ್ಲಿದ್ದದ್ದನ್ನು ನುಂಗಿದಳು. "ಅದೇನದು ಕತ್ತಿನಲ್ಲಿ?"

ಎರಾಸಿಯಾ ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಬೋಕಿ ಚೂರು ನೇತಾಡುತ್ತಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದರ ಜೋಡಿ ಯಾರ ಹತ್ತಿರ ಇದೆ?" ಐರಿಸ್ ಎದ್ದು ನಿಂತಳು. ಮಾತಿನ ಗತ್ತು ಹೋಗಿತ್ತು, ಗಾಬರಿ ಬಂದಿತ್ತು. "ಈ ಮುದುಕಿಯ ಹತ್ತಿರವಾ? ನಿನಗೆ ಬುದ್ಧಿ ಇದೆಯಾ? ನಾಳೆ ಇವಳು ಆ ಚೂರು ಹಿಡಿದು ಒಲಿಂಪಸ್ ಬಾಗಿಲು ತಟ್ಟಿದರೆ ಊಟ ಹಾಕಲೇಬೇಕು! ನಮ್ಮ ಮನೆಯಲ್ಲಿ ಇರುವುದು ಅಮೃತ ಒಂದೇ. ಅದನ್ನು ತಿಂದವರು ಸಾಯುವುದಿಲ್ಲ. ಮೀನು ಮಾರುವ ಮುದುಕಿ ಅಮರಳಾಗಿ ಹೇರಾ ಪಕ್ಕದಲ್ಲಿ ಕೂತರೆ ನನ್ನ ಗತಿ ಏನು?"

"ಮಾರಲ್ಲ, ಉಪ್ಪು ಹಾಕಿ ಒಣಗಿಸ್ತೀನಿ," ಅಂದಳು ತಿಮೋ. "ಅಂದ್ರೆ ಈ ಬೋಕಿಗೆ ನಿಜವಾಗ್ಲೂ ಬೆಲೆ ಇದೆ ಅಂತೀಯ?"

"ಕೊಡು ಅದನ್ನು." ಐರಿಸ್ ತಿಮೋ ಕಡೆ ಕೈ ಚಾಚಿದವಳು ಅರ್ಧಕ್ಕೇ ನಿಂತುಬಿಟ್ಟಳು. ಉಂಡ ಮನೆಯ ಯಜಮಾನಿಯ ಮೇಲೆ ಕೈ ಮಾಡುವಂತಿಲ್ಲ. ಚೀಸು ಆಗಲೇ ಹೊಟ್ಟೆಗೆ ಸೇರಿತ್ತು.

"ಇನ್ನೊಂಚೂರು ಹಾಕ್ಲಾ?" ಅಂದಳು ತಿಮೋ.

ಎರಾಸಿಯಾ ಓಡಿಬಂದು ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಮುಖ ಅರಳಿತ್ತು. "ಕೊಡ್ಬೇಡ ಅಜ್ಜಿ! ಇಟ್ಕೋ. ನೀನೂ ಬಾ. ಬಾಗಿಲು ತಟ್ಟು, ನಾನೇ ತೆಗೀತೀನಿ, ನಾನೇ ಬಡಿಸ್ತೀನಿ. ಆ ದರಿದ್ರ ಹೊದಿಕೆ ಬಿಸಾಕು. ನೀನು ಸಾಯೋದೇ ಬೇಡ."

ತಿಮೋ ಐರಿಸ್ ಕಡೆ ತಿರುಗಿದಳು. "ಅದು ತಿಂದ್ರೆ ಮೊಣಕಾಲು ನೋವು ಹೋಗುತ್ತಾ?"

"ಇಲ್ಲ. ಸಾವು ಬರುವುದಿಲ್ಲ, ಅಷ್ಟೇ. ವಯಸ್ಸು ಏರುತ್ತಲೇ ಇರುತ್ತದೆ. ಹಿಂದೆ ಒಬ್ಬನಿಗೆ ಹೀಗೇ ಆಯಿತು. ಈಗ ಜೀರುಂಡೆಯಷ್ಟಾಗಿದ್ದಾನೆ. ಒಂದು ಬುಟ್ಟಿಯಲ್ಲಿ ಹಾಕಿಟ್ಟಿದ್ದೇವೆ, ವಟವಟ ಅನ್ನುತ್ತಿರುತ್ತಾನೆ."

"ಕೇಳಿಸ್ತೇನೇ?" ತಿಮೋ ಹುಡುಗಿಯ ಗಲ್ಲ ಹಿಡಿದಳು. "ಬುಟ್ಟಿ ಅಂತೆ. ಈ ಮೊಣಕಾಲು, ಈ ಕಫ, ಈ ನಾಲ್ಕು ಹಲ್ಲು ಇಟ್ಕೊಂಡು ಎಂದೆಂದಿಗೂ ವಟವಟ ಅಂತಿರ್ಲಾ? ನನ್ನ ಮಗಳು ಕೆಳಗೆ ಕಾಯ್ತಿದಾಳೆ ಕಣೇ. ನಿಕಾನ್ ಹೋಗ್ಲಿ, ಅವನು ಕಾದ್ರೆ ಕಾಯ್ಲಿ. ಆ ಮಗೂಗೆ ಬರ್ತೀನಿ ಅಂದಿದೀನಿ."

ಎರಾಸಿಯಾ ಮುಖ ಬಾಡಿತು.

ತಿಮೋ ಎದ್ದು ಗೂಡಿನಲ್ಲಿದ್ದ ತನ್ನ ಚೂರನ್ನು ತೆಗೆದಳು. ಒಂಬತ್ತು ವರ್ಷ ಎಣ್ಣೆ ಕೈಯಲ್ಲಿ ಮುಟ್ಟಿ ಮುಟ್ಟಿ ಕಪ್ಪಾಗಿತ್ತು. ಬೆಳ್ಳುಳ್ಳಿ ಜಜ್ಜುವ ಕುಟ್ಟಾಣಿಗೆ ಹಾಕಿದಳು. ಹುಡುಗಿ "ಅಜ್ಜೀ" ಅನ್ನುವಷ್ಟರಲ್ಲಿ ಕುಟ್ಟಲು ಶುರು ಮಾಡಿದ್ದಳು. ಎದೆ ಉರಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ನಿಲ್ಲಿಸಲಿಲ್ಲ. ಪುಡಿಯಾದ ಮೇಲೆ ಬಾಗಿಲಾಚೆ ಊದಿದಳು. ಗಾಳಿ ಅದರಲ್ಲಿ ಅರ್ಧವನ್ನು ಅವಳ ಮುಖಕ್ಕೇ ವಾಪಸ್ ತಂದಿತು.

"ಆಯ್ತು," ಸೀನುತ್ತ ಅಂದಳು. "ನೆಂಟಸ್ತನ ಮುಗೀತು. ಕರ್ಕೊಂಡು ಹೋಗು ಇವಳನ್ನ. ನಂಗೆ ಒಂದು ಹೊಟ್ಟೆ ಕಡಿಮೆ ಆಗ್ಲಿ."

ಐರಿಸ್ ಉಸಿರು ಬಿಟ್ಟು ಹೂಜಿ ಎತ್ತಿಕೊಂಡಳು. ಎರಾಸಿಯಾ ಮಾತ್ರ ಅವಸರ ಮಾಡಲಿಲ್ಲ. ಹೋಗಿ ಮಡಕೆಯನ್ನು ಒಲೆಯಿಂದ ಇಳಿಸಿದಳು, ಸೀಯಬಾರದು ಅಂತ. ಬೆಳಗಿನ ಪಾತ್ರೆ ತೊಳೆದು ಕವುಚಿಟ್ಟಳು. ಕೈ ಒರೆಸಿಕೊಂಡು ಗೋಡೆಯ ಪಕ್ಕದ ತನ್ನ ಹಾಸಿಗೆಯನ್ನು ಕೊಡವಿ, ಗಾಳಿ ಬಾರದ ಮೂಲೆಗೆ ಎಳೆದು, ತಿಮೋಳ ಕುರಿತುಪ್ಪಳದ ದಿಂಬನ್ನು ಅದರ ಮೇಲಿಟ್ಟಳು.

"ಕೂತ್ಕೊಂಡು ಪ್ರಮಾಣ ಮಾಡ್ಲಾ?" ಐರಿಸಳನ್ನು ಕೇಳಿದಳು. "ಬೆಳಿಗ್ಗೆಯಿಂದ ಆಕ್ಟೋಪಸ್ ಬಡಿದು ಸೊಂಟ ಹಿಡ್ಕೊಂಡಿದೆ."

"ಬರೀ ಹನ್ನೊಂದು ಏಟಿಗೆ ಸೊಂಟ ಹಿಡೀತಂತೆ," ಅಂದಳು ತಿಮೋ. "ನನ್ನ ದಿಂಬು ಯಾಕೆ ತಗೊಂಡೆ?"

ಎರಾಸಿಯಾ ದಿಂಬು ಬೆನ್ನ ಹಿಂದೆ ಬರುವ ಹಾಗೆ ಕೂತು, ಕಾಲು ನೀಡಿ, ಕೂದಲನ್ನು ಒಂದು ಪಕ್ಕಕ್ಕೆ ಹಾಕಿಕೊಂಡಳು.

"ಅಜ್ಜಿ, ಈಗ ನಾನು ನಿನಗೆ ಏನೂ ಅಲ್ಲ, ಅಲ್ವಾ?"

"ಅಲ್ಲ."

"ನೀನೂ ನಂಗೇನೂ ಅಲ್ಲ."

"ಅಲ್ಲ ಅಂದ್ನಲ್ಲ. ಬೇಗ ಹೇಳಿ ಹೊರಡೇ, ಮೀನು ತಿರುವಿ ಹಾಕ್ಬೇಕು ನಾನು." ತಿಮೋ ಬೇಕಂತಲೇ ಬೇರೆ ಕಡೆ ನೋಡುತ್ತಿದ್ದಳು.

"ನಿನ್ನ ಹೊದಿಕೆ ಚೆನ್ನಾಗಿದೆ. ಬೆಳಿಗ್ಗೆ ಸುಳ್ಳು ಹೇಳಿದೆ."

ಐರಿಸ್ ನೀರು ಸುರಿದಳು. ಕಪ್ಪು ನೀರು, ಮನೆಯೆಲ್ಲ ಒಮ್ಮೆಲೇ ತಣ್ಣಗಾಯಿತು. ಎರಾಸಿಯಾ ಅದರಲ್ಲಿ ಬೆರಳದ್ದಿ, ಊರಿಗೇ ಕೇಳುವ ಹಾಗೆ ಸ್ಪಷ್ಟವಾಗಿ ಹೇಳಿದಳು: "ಮರ್ತ್ಯರಲ್ಲಿ ನನಗೆ ಯಾರೂ ಇಲ್ಲ. ನಾನು ಯಾರಿಗೂ ಏನೂ ಅಲ್ಲ."

ಹೇಳಿ ಮುಗಿಸಿದವಳೇ ಹಿಂದಕ್ಕೆ ಒರಗಿದಳು. ತಲೆ ದಿಂಬಿನ ಮೇಲೆ ಸರಿಯಾಗಿ ಬಿತ್ತು. ಉಸಿರು ನಿಂತಿತು.

ತಿಮೋ ಮೊದಲು ಹುಡುಗಾಟ ಅಂದುಕೊಂಡಳು. "ಏಳೇ," ಅಂದಳು. ಕೆನ್ನೆ ತಟ್ಟಿದಳು. ಮೂಗಿನ ಹತ್ತಿರ ಕೈಯಿಟ್ಟಳು. "ಇದೇನಿದು? ಪುಡಿ ಮಾಡಿದ್ನಲ್ಲ! ನಿನ್ನ ಕಣ್ಣೆದುರಿಗೇ ಕುಟ್ಟಿ ಪುಡಿ ಮಾಡಿದ್ನಲ್ಲ ತಾಯಿ!"

"ಬೋಕಿ ಪುಡಿಯಾಯಿತು," ಅಂದಳು ಐರಿಸ್. "ಹೇಳಿದ ಮಾತು ಸುಳ್ಳೇ ಆಯಿತಲ್ಲ." ಹೂಜಿಗೆ ಮುಚ್ಚಳ ಹಾಕಿ ಮಲಗಿದವಳನ್ನು ನೋಡುತ್ತ ನಿಂತಳು. "ಅವಳಿಗೆ ಗೊತ್ತಿತ್ತು. ಅದಕ್ಕೇ ಕೂತುಕೊಂಡಳು."

ತಿಮೋ ಹಾಸಿಗೆಯ ಪಕ್ಕದಲ್ಲೇ ಕೂತಳು. ಪಾತ್ರೆ ತೊಳೆದದ್ದು, ಹಾಸಿಗೆ ಎಳೆದದ್ದು, ದಿಂಬು ತೆಗೆದುಕೊಂಡದ್ದು, ಎಲ್ಲ ಒಂದೊಂದಾಗಿ ಈಗ ತಲೆಗೆ ಹೋಯಿತು. ಒಂಬತ್ತು ವರ್ಷ ಮನೆ ಮನೆ ಅಂತ ಹಂಬಲಿಸಿದವಳು, ಅಮೃತದ ವಾಸನೆಗೇ ಅತ್ತವಳು, ಬಾಗಿಲು ತೆರೆದು ನಿಂತಿರುವಾಗ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿಬಿಟ್ಟಿದ್ದಳು.

"ಮೋಸಗಾತಿ," ಅಂದಳು. "ಹಲ್ಕಟ್ ಮುಂಡೇದೇ. ನನ್ನನ್ನ ಒಂದು ಮಾತು ಕೇಳಿದ್ಯೇನೇ?" ಬೈಯುತ್ತ ಬೈಯುತ್ತ ಅಳತೊಡಗಿದಳು.

ಐರಿಸ್ ಉಳಿದ ಚೀಸನ್ನು ಅಂಜೂರದ ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇನ್ನು ಹತ್ತು ವರ್ಷ ಬಿಟ್ಟು ಬರುತ್ತೇನೆ," ಅಂದಳು. ಬಾಗಿಲ ಹತ್ತಿರ ತಿರುಗಿ, "ಮೊದಲನೆಯ ವರ್ಷ ಬಾಯಿ ಮುಚ್ಚಿಡಿ. ಜೇಡ ಬರುತ್ತದೆ," ಎಂದು ಸೇರಿಸಿದಳು. ಕಾಮನಬಿಲ್ಲು ಮಡಿಸಿಕೊಂಡು ಹೋಯಿತು. ಮೀನಿನ ಮೇಲೆ ಏಳು ಬಣ್ಣದ ಕಲೆ ಹಾಗೇ ಉಳಿಯಿತು.

ಅಳು ಕೇಳಿಸಿದ್ದೇ ತಡ, ಪಕ್ಕದ ಮನೆಯ ಮಿಕ್ಕಾ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಸತ್ತವರ ಮನೆಯಲ್ಲಿ ಹಾಡಿ ಅಳುವುದರಲ್ಲಿ ಮಿಕ್ಕಾಳನ್ನು ಮೀರಿಸುವವರು ದ್ವೀಪದಲ್ಲಿ ಯಾರೂ ಇಲ್ಲ. ತಿಮೋ ಸರದಿ ಬಂತು ಅಂತ ತಯಾರಾಗಿಯೇ ಬಂದಿದ್ದಳು. ನೋಡಿದರೆ ತಿಮೋ ಕೂತಿದ್ದಾಳೆ, ಮಲಗಿರುವುದು ಹುಡುಗಿ. ಅವಳ ಮೈ ಮೇಲೆ ಆಗಲೇ ತಿಮೋಳ ಹೊದಿಕೆ, ಕೆಂಪು ಆಕ್ಟೋಪಸ್ಸಿನ ಅಂಚು ಗಲ್ಲದ ತನಕ.

"ಅಯ್ಯೋ ನನ್ನ ಮಲ್ಲಿಗೆ ಮೊಗ್ಗೇ..." ಮಿಕ್ಕಾ ಜಡೆ ಬಿಚ್ಚಿ ರಾಗ ಎತ್ತಿದಳು.

"ಜಡೆ ಕಟ್ಟೇ ಮಿಕ್ಕಾ. ಸತ್ತಿಲ್ಲ ಅವಳು."

ಮಿಕ್ಕಾ ಬಗ್ಗಿ ನೋಡಿದಳು. "ಉಸಿರಿಲ್ಲ."

"ಗೊತ್ತು. ಒಂದು ವರ್ಷ ಆದ್ಮೇಲೆ ಬರುತ್ತೆ."

ಹೆಂಗಸರು ಮುಖ ಮುಖ ನೋಡಿಕೊಂಡರು. ಮುದುಕಿಗೆ ದುಃಖ ತಲೆಗೇರಿದೆ ಅಂತ ಒಬ್ಬಳು ಪಿಸುಗುಟ್ಟಿದಳು. ಮಿಕ್ಕಾ ನಯವಾಗಿ ಹತ್ತಿರ ಕೂತಳು. "ತಿಮೋ, ನಾಳೆ ಸೂರ್ಯ ಹುಟ್ಟೋದ್ರೊಳಗೆ ಹೂಳ್ಬೇಕು ಕಣಮ್ಮ. ಎಣ್ಣೆ ಹಚ್ಚಿ ತೊಳೆಯೋಣ, ಬಿಡು ಕೈ. ವಾಸನೆ ಬರುತ್ತೆ."

ತಿಮೋ ಮಡಕೆಯಿಂದ ಬಿಸಿ ಆಕ್ಟೋಪಸ್ಸನ್ನು ಕಾಲು ಹಿಡಿದು ಎತ್ತಿದಳು. "ಇವಳನ್ನ ಯಾರಾದ್ರೂ ಮುಟ್ಟಿ, ನಲವತ್ತೊಂದನೇ ಏಟು ಅವರ ಮುಖಕ್ಕೆ. ಒಂಬತ್ತು ವರ್ಷ ಈ ಮುಖ ನೋಡಿದೀರಲ್ಲ, ಒಂದು ಸುಕ್ಕು ಬಿದ್ದಿತ್ತಾ? ನಿಮ್ಮ ನಿಮ್ಮ ಮುಖ ನೋಡ್ಕೊಳ್ಳಿ. ಇವಳು ಆ ಮೇಲಿನ ದೇವರುಗಳ ಪೈಕಿ. ನಾಳೆ ಬಂದು ಮೂಸಿ ನೋಡಿ, ನಾಡಿದ್ದು ಬಂದು ಮೂಸಿ."

ಹೆಂಗಸರು ಹೊಸ್ತಿಲ ಆಚೆ ಸರಿದರು. ಸುಕ್ಕಿನ ಮಾತು ಎಲ್ಲರಿಗೂ ನಾಟಿತ್ತು. ಮಿಕ್ಕಾ ಮಾತ್ರ ಕದಲಲಿಲ್ಲ. ಬಾಯಿ ದೊಡ್ಡದಾದರೂ ತಿಮೋ ಜೊತೆ ನಲವತ್ತು ವರ್ಷ ಉಪ್ಪಿನ ಮೀನು ಹಂಚಿಕೊಂಡು ತಿಂದವಳು.

"ಆಯ್ತು, ಏಳ್ತಾಳೆ ಅಂತಾನೇ ಇಟ್ಕೊಳ್ಳೋಣ," ಅಂದಳು ಮೆಲ್ಲಗೆ. "ಒಂದು ವರ್ಷ ಆದ್ಮೇಲೆ ಕಣ್ಣು ಬಿಡ್ತಾಳೆ. ಆಗ ಯಾರೇ ಇರ್ತಾರೆ ಇಲ್ಲಿ? ಹೋದ ತಿಂಗಳು ನೀನೇ ಹೇಳಿದ್ದೆ, ಹೊದಿಕೆ ಮುಗೀಲಿ, ಈ ಚಳಿಗಾಲ ದಾಟಲ್ಲ ನಾನು ಅಂತ."

ತಿಮೋ ಕೈಯಲ್ಲಿದ್ದ ಆಕ್ಟೋಪಸ್ ಮಡಕೆಗೆ ಜಾರಿತು. ಎದೆಯಲ್ಲಿ ಕಫ ಗೊರಗೊರ ಅಂದಿತು. ಮಲಗಿದವಳ ಮುಖ ನೋಡಿದಳು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಎದ್ದಾಗ ಮನೆ ಖಾಲಿ, ಒಲೆ ತಣ್ಣಗೆ, ಬಾಯಲ್ಲಿ ಜೇಡ. ಇನ್ನೊಂದು ಸಲ.

"ನಾನಿರ್ತೀನಿ," ಅಂದಳು.

"ತಿಮೋ..."

"ಇರ್ತೀನಿ ಅಂದ್ನಲ್ಲೇ! ಕಿವಿ ಕೇಳಿಸಲ್ವಾ ನಿಂಗೆ? ಅಲ್ಲಿ ನನ್ನ ಮಗಳು ಇಷ್ಟು ವರ್ಷ ಕಾದಿದಾಳೆ, ಇನ್ನೊಂದು ವರ್ಷ ಕಾಯ್ತಾಳೆ. ಅವಳದು ಒಳ್ಳೇ ಬುದ್ಧಿ, ಇವಳ ಹಾಗಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಿನ್ನ ಕುರಿ ಉಣ್ಣೆ ಎಷ್ಟಿದೆ ಮನೇಲಿ? ಅಷ್ಟೂ ತಂದ್ಹಾಕು. ನನ್ನ ಹೊದಿಕೆ ಈ ಕತ್ತೆ ಹೊದ್ಕೊಂಡು ಮಲಗಿದೆ, ಇನ್ನೊಂದು ನೇಯ್ಬೇಕು. ಈ ಸಲ ಅಂಚು ಎರಡು ಪಟ್ಟು ಅಗಲ ಮಾಡ್ತೀನಿ. ನಂಗೆ ಸಾಯೋಕೆ ಪುರುಸೊತ್ತಿಲ್ಲ."

ಮಿಕ್ಕಾ ಉಣ್ಣೆ ತರಲು ಹೋದಳು. ಹೋಗುತ್ತ ಜಡೆ ಕಟ್ಟಿಕೊಂಡಳು.

ತಿಮೋ ಹಾಸಿಗೆಯ ಪಕ್ಕಕ್ಕೆ ಬಂದು ಎರಡು ಬೆರಳಿನಿಂದ ಹುಡುಗಿಯ ಗಲ್ಲ ಎತ್ತಿ ಬಾಯಿ ಮುಚ್ಚಿದಳು. ಅದು ಮತ್ತೆ ತೆರೆದುಕೊಂಡಿತು. ತಲೆವಸ್ತ್ರದ ಅಂಚು ಹರಿದು ಗಲ್ಲದ ಕೆಳಗಿನಿಂದ ನೆತ್ತಿಯ ಮೇಲೆ ತಂದು ಗಂಟು ಹಾಕಿದಳು. ಹಲ್ಲುನೋವಿನವರ ಹಾಗೆ ಕಾಣಿಸಿತು ದೇವತೆ. ಕತ್ತಿನಲ್ಲಿದ್ದ ಬೋಕಿಯನ್ನು ಹೊದಿಕೆಯ ಒಳಕ್ಕೆ ಸೇರಿಸಿದಳು.

ಆಮೇಲೆ ಒಲೆಯ ಹತ್ತಿರ ಹೋಗಿ ಒಂದು ಬಟ್ಟಲು ಗಂಜಿ ಬಡಿಸಿಕೊಂಡಳು. ಎಂದಿನ ಹಾಗೆ ಅರ್ಧಕ್ಕೆ ಸಾಕೆನಿಸಿತು. ಮೂಲೆಯ ಕಡೆ ಒಮ್ಮೆ ನೋಡಿ, ಉಳಿದ ಅರ್ಧವನ್ನೂ ಬಾಯಿಗಿಟ್ಟು ನುಂಗಿದಳು. ಕೆಮ್ಮಿದಳು, ಬೈದುಕೊಂಡಳು, ಇನ್ನೊಂದು ಬಟ್ಟಲು ಬಡಿಸಿಕೊಂಡಳು.